ಕಡಲೆಕಾಯಿ ವಾಸನೆಯ ಕಡಲು

“ಅದನ್ನ ಕೆಳಗಿಡಿ.”

ರುದ್ರೇಶನ ಕೈಯಲ್ಲಿದ್ದ ಇಕ್ಕಳ ಕರಗಿದ ಸೀಸದ ಬಟ್ಟಲಿನ ಮೇಲೆ ಹಾಗೇ ನಿಂತಿತು. ಇಕ್ಕಳದ ಬಾಯಲ್ಲಿ ತೋರುಬೆರಳಿನಷ್ಟುದ್ದದ ಒಂದು ಯುದ್ಧನೌಕೆ. ಶಾಖಕ್ಕೆ ಅದರ ಮೂತಿ ಬೆವೆತವರ ಮೂಗಿನಂತೆ ಹೊಳೆಯತೊಡಗಿತ್ತು.

“ಯಾವುದನ್ನ?”

“ಆ ಹಡಗನ್ನ. ಮೆಲ್ಲಗೆ. ಬೀಳಿಸಿದ್ರೆ ಫಿರಂಗಿ ಮುರಿದೋಗ್ತಾವೆ.”

ಅವನು ತಿರುಗಿದ. ಅಂಗಡಿಯ ಬಾಗಿಲಲ್ಲಿ, ಮಧ್ಯಾಹ್ನದ ಬಿಸಿಲಿಗೆ ಬೆನ್ನು ಕೊಟ್ಟು ಒಬ್ಬ ಹುಡುಗಿ ನಿಂತಿದ್ದಳು. ಬಸ್ಸಿನ ಗಾಳಿಗೆ ಕೆದರಿದ ಕೂದಲು, ಮೂಗಿನ ತುದಿಗೆ ಜಾರಿದ ಕನ್ನಡಕ. ಅವಳು ನೋಡುತ್ತಿದ್ದುದು ಅವನನ್ನಲ್ಲ, ಇಕ್ಕಳವನ್ನು. ಹಸುಗೂಸನ್ನು ಒಂದೇ ಕೈಯಲ್ಲಿ ಎತ್ತಿಕೊಂಡವನನ್ನು ತಾಯಂದಿರು ನೋಡುತ್ತಾರಲ್ಲ, ಹಾಗೆ.

ರೇಡಿಯೇಟರ್ ರಿಪೇರಿಗೆಂದು ಲಾರಿ ನಿಲ್ಲಿಸಿ, ಟೈರಿನ ಮೇಲೆ ಕೂತು ಟೀ ಕುಡಿಯುತ್ತಿದ್ದ ಬೋರಪ್ಪ ಲೋಟ ಕೆಳಗಿಟ್ಟ. “ಇಡಪ್ಪ, ಇಡು. ನನ್ ಲಾರಿಗೇನೂ ಅವಸರ ಇಲ್ಲ. ಇದೇ ಚೆನ್ನಾಗೈತೆ.”

ರುದ್ರೇಶ್ ಹಡಗನ್ನು ಕಲ್ಲಿನ ಮೇಲಿಟ್ಟ. ಹುಡುಗಿ ಹತ್ತಿರ ಬಂದು ಬಗ್ಗಿ, ಬಿಸಿ ಹಾಲನ್ನು ಆರಿಸುವಂತೆ ಅದರ ಮೇಲೆ ಊದಿದಳು.

“ಎಷ್ಟು ಕರಗಿಸಿದ್ರಿ?”

“ಎರಡು. ಗುಜರಿಯೋನು ಸೀಸ ಅಂತ ಒಂದು ಚೀಲ ಕೊಟ್ಟ ಮೇಡಂ. ಬೆಸುಗೆಗೆ ಆಯ್ತದೆ ಅಂತ ತಗಂಡೆ. ಮಕ್ಕಳ ಆಟದ ಸಾಮಾನು ಅಂದ್ಕಂಡಿದ್ದೆ.”

“ಆ ಎರಡು ಈಗ ಎಲ್ಲಿ ಅವೆ?”

ಅವನು ಬೋರಪ್ಪನ ರೇಡಿಯೇಟರಿನ ಕಡೆ ಕೈ ತೋರಿಸಿದ. ಅದರ ಪಕ್ಕೆಯಲ್ಲಿ ಹೊಸ ಬೆಸುಗೆ ಬೆಳ್ಳಗೆ ಮಿನುಗುತ್ತಿತ್ತು. ಹುಡುಗಿ ಅದನ್ನು ಬೆರಳಿನಿಂದ ಮುಟ್ಟಿ, ಬೋರಪ್ಪನನ್ನು ಕೇಳಿದಳು.

“ನಿಮ್ ಲಾರಿ ಎಲ್ಲಿಗೋಯ್ತದೆ?”

“ಹುಣ್ಸೆಹಣ್ಣು ತಗಂಡು ಮದ್ರಾಸಿಗೆ ಕಣಮ್ಮ. ಹಾರ್ಬರ್ ಪಕ್ಕದ ಗೋಡೋನಿಗೆ.”

ಅವಳು ಬೆಸುಗೆಯ ಮೇಲಿಂದ ಬೆರಳು ತೆಗೆದಳು. “ಸರಿ ಬಿಡಿ. ಅವಾದ್ರೂ ಸಮುದ್ರ ನೋಡ್ಲಿ.”

ಆಮೇಲೆ ಮೊದಲ ಸಲ ರುದ್ರೇಶನ ಮುಖ ನೋಡಿದಳು. ನೋಟ ಬಂದದ್ದು ನೇರ ಕಣ್ಣಿಗೆ, ಮೊದಲು ಬಲಗಣ್ಣಿಗೆ, ಆಮೇಲೆ ಎಡಗಣ್ಣಿಗೆ. ಒಂದೊಂದನ್ನೂ ಬೇರೆ ಬೇರೆಯಾಗಿ ಭೇಟಿ ಮಾಡಿದಳು.

“ನಿಮ್ಮ ಎಡಗಣ್ಣು ಸ್ವಲ್ಪ ಸೋಮಾರಿ. ತೋರಿಸ್ಕೊಳ್ಳಿ.”

ಅವಳ ಹೆಸರು ಹರಿತಾ. ಕಲ್ಯಾಣದುರ್ಗದ ಒಂದು ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವಳು. ಹಿಂದೂಪುರದ ಪರಿಗಿ ರಸ್ತೆಯ ಈ ಮಸಿ ಹಿಡಿದ ಶೆಡ್ಡಿಗೆ ಅವಳನ್ನು ಕರೆತಂದದ್ದು ಸತ್ತುಹೋದ ಒಬ್ಬ ಮುದುಕ. ಬೆಳುಗುಪ್ಪದ ಈರಲಿಂಗಪ್ಪ, ಹರೆಯವನ್ನೆಲ್ಲ ನೌಕಾಪಡೆಯ ಅಡುಗೆಮನೆಯಲ್ಲಿ ಕಳೆದು, ಕೊನೆಗಾಲಕ್ಕೆ ಹರಿತಾಳ ಪಕ್ಕದ ಮನೆಗೆ ಬಾಡಿಗೆಗೆ ಬಂದಿದ್ದ. ಇಳಿದ ಬಂದರಿನಲ್ಲೆಲ್ಲ ಒಂದೋ ಎರಡೋ ಲೋಹದ ಹಡಗು ಕೊಂಡು, ಎರಡು ಪಡೆ ಕಟ್ಟಿದ್ದ. ಒಂದಕ್ಕೆ ಬೂದಿ ಬಣ್ಣ, ಒಂದಕ್ಕೆ ಕಪ್ಪು. ನೆಲದ ಮೇಲೆ ಸಮುದ್ರ ಹಾಸಿ, ಟೇಪಿನಲ್ಲಿ ದೂರ ಅಳೆದು, ದಾಳ ಉರುಳಿಸಿ ಫಿರಂಗಿ ಹಾರಿಸುವ ಆಟ ಅದು. ಒಬ್ಬನೇ ಆಡಲಾಗದೆ, ಆಗಿನ್ನೂ ಬೀದಿಯಲ್ಲಿ ಕುಂಟೆಬಿಲ್ಲೆ ಆಡುತ್ತಿದ್ದ ಹರಿತಾಳನ್ನು ಕರೆದು ಶತ್ರು ಮಾಡಿಕೊಂಡಿದ್ದ. ಸಾಯುವ ಮೊದಲು ಬೂದಿ ಪಡೆಯನ್ನು ಅವಳ ಕೈಗಿತ್ತ. ಕಪ್ಪು ಪಡೆಯನ್ನು ಅವನ ನೆಂಟರು ಮಂಚ, ಪಾತ್ರೆಗಳ ಜೊತೆ ಗುಜರಿಗೆ ಹಾಕಿದರು. ಆ ಚೀಲದ ಬೆನ್ನು ಹತ್ತಿ ಅವಳು ಊರಿಂದೂರಿಗೆ ಅಲೆದು ಬಂದಿದ್ದಳು.

“ನಂಗೆ ಕೊಟ್ಬುಡಿ. ಏನ್ ಕೇಳಿದ್ರೂ ಕೊಡ್ತೀನಿ.”

“ಮಾರಲ್ಲ,” ಎಂದ ರುದ್ರೇಶ್.

ಹಾಗೆ ಯಾಕೆಂದನೋ ಅವನಿಗೇ ತಿಳಿಯಲಿಲ್ಲ. ಇದೀಗ ಅವನ್ನು ಬೆಂಕಿಗೆ ಹಾಕುತ್ತಿದ್ದವನು ಅವನೇ.

“ಕರಗಿಸ್ತೀರ, ಆದ್ರೆ ಮಾರಲ್ಲ?”

“ಆಟ ಕಲ್ಸಿ ಮೇಡಂ. ಆಡಣ. ಗೆದ್ದೋರಿಗೆ ಎರಡೂ ಪಡೆ.”

ಬೋರಪ್ಪ ಟೀ ನೆತ್ತಿಗೇರಿಸಿಕೊಂಡು ಕೆಮ್ಮಿದ. “ನನ್ ರೇಡಿಯೇಟರ್ ಸರಿ ಆಯ್ತು, ಇವನದು ಬಿಸಿ ಆಯ್ತು.”

ಹರಿತಾ ಕನ್ನಡಕವನ್ನು ಒಂದೇ ಬೆರಳಲ್ಲಿ ಮೇಲಕ್ಕೆ ತಳ್ಳಿದಳು. ಆ ಬೆರಳಿನ ಹಿಂದೆ ಒಂದು ನಗೆ ಬಂದು, ಯಾರಿಗೂ ಸಿಗದೆ ಹೋಯಿತು.

“ಸೋತ್ರೆ ಅಳಬಾರ್ದು.”

“ಅಳಲ್ಲ.”

ಆ ದಿನದಿಂದ ಭಾನುವಾರಗಳಿಗೆ ಬಣ್ಣ ಬಂತು. ಒಂದು ವಾರ ಅವಳು ಹಿಂದೂಪುರಕ್ಕೆ, ಒಂದು ವಾರ ಅವನು ಕಲ್ಯಾಣದುರ್ಗಕ್ಕೆ. ಪಾವಗಡದಲ್ಲಿ ಬಸ್ಸು ಬದಲಿಸಬೇಕು. ದಾರಿಯುದ್ದಕ್ಕೂ ಬೋರ್ಡುಗಳು ತೆಲುಗಿನಿಂದ ಕನ್ನಡಕ್ಕೆ, ಕನ್ನಡದಿಂದ ಮತ್ತೆ ತೆಲುಗಿಗೆ ತಿರುಗುತ್ತಿದ್ದವು. ರುದ್ರೇಶನಿಗೆ ಆ ದಾರಿ ಒಂದು ಕನಸಿನ ಹಾಗೆ ಕಾಣುತ್ತಿತ್ತು. ಕನಸಿನಲ್ಲೂ ಯಾರು ಯಾವ ಭಾಷೆಯಲ್ಲಿ ಮಾತಾಡಿದರೆಂದು ಎದ್ದ ಮೇಲೆ ನೆನಪಿರುವುದಿಲ್ಲವಲ್ಲ.

ಮೊದಲ ಭಾನುವಾರ ಅವನು ದೊಡ್ಡ ಉಪಾಯ ಹೂಡಿದ್ದ. ಶೆಡ್ಡಿನಲ್ಲಿ ರೇಡಿಯೇಟರ್ ಮುಳುಗಿಸಿ ತೂತು ಹುಡುಕುವ ನೀರಿನ ತೊಟ್ಟಿಯನ್ನು ತೊಳೆದು, ಹೊಸ ನೀರು ತುಂಬಿ, ದಡದಲ್ಲಿ ಹಡಗುಗಳನ್ನು ಸಾಲಾಗಿಟ್ಟುಕೊಂಡು ಕಾದಿದ್ದ.

ಹರಿತಾ ತೊಟ್ಟಿಯನ್ನು ನೋಡಿದಳು, ಅವನನ್ನು ನೋಡಿದಳು.

“ಸೀಸದ ಹಡಗು ತೇಲ್ತದಾ?”

ರುದ್ರೇಶ್ ದಡದಲ್ಲಿದ್ದ ಹಡಗುಗಳನ್ನು ಒಂದೊಂದಾಗಿ ಹಿಂದಕ್ಕೆ ಸರಿಸಿದ.

“ಈ ಆಟಕ್ಕೆ ಸಮುದ್ರ ಒಣಗಿರ್ಬೇಕು ಕಣ್ರೀ,” ಎಂದು ಅವಳು ನಗತೊಡಗಿದಳು. “ನಮ್ ಸೀಮೆಗೆ ಹೇಳಿ ಮಾಡಿಸಿದ ಸಮುದ್ರ.”

ಕಲ್ಯಾಣದುರ್ಗದಲ್ಲಿ ಸಮುದ್ರವೆಂದರೆ ಅವಳ ಮನೆಯ ಮಾಳಿಗೆಯ ಮೇಲೆ ಕಡಲೆಕಾಯಿ ಒಣಹಾಕುವ ನೀಲಿ ಟಾರ್ಪಾಲು. ಎಷ್ಟು ಗುಡಿಸಿದರೂ ಅದರಿಂದ ಒಣ ಮಣ್ಣಿನ, ಹಸಿ ಕಡಲೆಕಾಯಿಯ ವಾಸನೆ ಹೋಗುತ್ತಿರಲಿಲ್ಲ. ನಿಜವಾದ ಸಮುದ್ರವನ್ನು ಇಬ್ಬರೂ ಕಂಡವರಲ್ಲ. ಹಾಗಾಗಿ ರುದ್ರೇಶನಿಗೆ ಕಡಲು ಎಂದರೆ ಕಡಲೆಕಾಯಿ ವಾಸನೆಯ ನೀಲಿ ಎಂದೇ ಮನಸ್ಸಿನಲ್ಲಿ ಕೂತುಬಿಟ್ಟಿತು. ಗಾಳಿ ಬೀಸಿದಾಗ ಟಾರ್ಪಾಲಿನ ಅಂಚು ಪಟಪಟ ಬಡಿದು ಒಳಗೊಳಗೇ ಅಲೆಯೇಳುತ್ತಿತ್ತು. ಹಡಗುಗಳು ಆ ಅಲೆಯ ಮೇಲೆ ನಿಜಕ್ಕೂ ಒಂಚೂರು ಓಲಾಡುತ್ತಿದ್ದವು.

ಮೂಲೆಯಲ್ಲಿ ಹರಿತಾಳ ಅಜ್ಜಿ ಪೆದ್ದಕ್ಕ ಮೊರ ಹಿಡಿದು ಕಾಯಿ ಬಿಡಿಸುತ್ತ ಕೂತಿರುತ್ತಿದ್ದಳು. ಆಗೊಮ್ಮೆ ಈಗೊಮ್ಮೆ ಒಂದು ಸಿಪ್ಪೆ ಹಾರಿ ಸಮುದ್ರಕ್ಕೆ ಬೀಳುತ್ತಿತ್ತು.

“ತೆಗೀಬೇಡ ಅಜ್ಜಿ, ಅದು ದ್ವೀಪ,” ಎನ್ನುತ್ತಿದ್ದಳು ಹರಿತಾ.

“ನಿಮ್ ದ್ವೀಪ ಹಾಳಾಗ. ಉಪ್ಪಿಟ್ಟು ಆರೋಯ್ತೈತೆ, ತಿಂದು ಹೊಡೆದಾಡ್ರಿ.”

ಗುರಿ ಹಿಡಿಯುವುದನ್ನು ಹರಿತಾ ಅವನಿಗೆ ಕಲಿಸಿದ್ದು ಮೂರನೆಯ ಸಲವೋ ನಾಲ್ಕನೆಯ ಸಲವೋ ಇರಬೇಕು. “ಮೇಲಿಂದ ನೋಡಿದ್ರೆ ಏನೂ ಗೊತ್ತಾಗಲ್ಲ. ಹಡಗಿನ ಮಟ್ಟಕ್ಕೆ ಕಣ್ಣು ತರ್ಬೇಕು,” ಎಂದು ಕನ್ನಡಕ ತೆಗೆದಿಟ್ಟು, ಟಾರ್ಪಾಲಿನ ಆ ಅಂಚಿನಲ್ಲಿ ಕೆನ್ನೆಯನ್ನು ನೆಲಕ್ಕೊರಗಿಸಿ ಮಲಗಿದಳು. ರುದ್ರೇಶ್ ಈ ಅಂಚಿನಲ್ಲಿ ಮಲಗಿದ. ನೆಲ ಬೆಚ್ಚಗಿತ್ತು.

ಮಾಳಿಗೆ ಮಾಯವಾಯಿತು. ಊರೂ, ಊರಿನ ಹಿಂದಿನ ಗುಡ್ಡವೂ ಮಾಯವಾದವು. ಕಣ್ಣೆದುರು ನೀಲಿಯೊಂದೇ. ಅದರ ಮೇಲೆ ಮನೆಯಷ್ಟು ಎತ್ತರದ ಹಡಗುಗಳು ನಿಂತಿದ್ದವು, ಅವುಗಳ ಹೊಗೆಕೊಳವೆಗಳ ನಡುವೆ, ಕಡಲಿನ ಆಚೆಯ ದಡದಲ್ಲಿ, ಒಂದು ಕಣ್ಣು. ರೆಪ್ಪೆಗಳು ಒಂದೊಂದೂ ಕಾಣುತ್ತಿದ್ದವು.

“ಏನ್ ಕಾಣ್ತದೆ?” ಎಂದಿತು ಆಚೆಯ ದಡ.

“ಒಂದು ಕಣ್ಣು.”

“ಕಣ್ಣಲ್ಲ, ಗುರಿ ಹೇಳಿ.”

“ಅದೇ.”

ಕಣ್ಣು ಮುಚ್ಚಿತು. ಮತ್ತೆ ತೆರೆಯಲು ಅದು ತೆಗೆದುಕೊಂಡ ಹೊತ್ತಿನಲ್ಲಿ ಒಂದು ಪಡೆ ಬಂದರು ಬಿಟ್ಟು ಹೊರಡಬಹುದಿತ್ತು.

“ನಿಮ್ಮ ಸರದಿ,” ಎಂದಳು ಹರಿತಾ. ದನಿ ಮೊದಲಿನಂತಿರಲಿಲ್ಲ. “ಸುಮ್ನೆ ದಾಳ ಹಾಕಿ.”

ದಾಳ ಹಾಕುತ್ತ ಹಾಕುತ್ತ ಬೇಸಿಗೆ ಕಳೆಯಿತು. ಮುಳುಗಿದ ಹಡಗುಗಳು ಟಾರ್ಪಾಲಿನಾಚೆ ಮಗ್ಗುಲಾಗಿ ಮಲಗುತ್ತ ಬಂದವು. ಕೊನೆಗೆ ಬೂದಿಯದೊಂದು, ಕಪ್ಪಿನದೊಂದು ದೊಡ್ಡ ಹಡಗು ಉಳಿದವು. ಇಬ್ಬರೂ ಒಂದೇ ಸಲಕ್ಕೆ ಫಿರಂಗಿ ಹಾರಿಸಬೇಕು. ಯಾರ ಗುಂಡು ತಾಗಿತೋ ಅವರ ಎದುರಾಳಿ ಮುಳುಗಿದ ಹಾಗೆ. ದಾಳದಲ್ಲಿ ನಾಲ್ಕೋ ಅದಕ್ಕಿಂತ ಹೆಚ್ಚೋ ಬಿದ್ದರೆ ಗುಂಡು ತಾಗಿದ ಹಾಗೆ. ಒಂದು ಸಲ ಉರುಳಿದರೆ ಆಟ ಮುಗಿಯಬಹುದಿತ್ತು.

ಅಲ್ಲಿಂದ ಮುಂದೆ ಇಬ್ಬರಿಗೂ ದಾಳ ಎತ್ತಲು ಕೈ ಬರಲಿಲ್ಲ. ಆಟ ಮುಗಿದರೆ ಎರಡು ಪಡೆಯೂ ಒಂದೇ ಮನೆಗೆ ಹೋಗುತ್ತವೆ. ಆಮೇಲೆ ಭಾನುವಾರ ಪಾವಗಡದಲ್ಲಿ ಬಸ್ಸು ಬದಲಿಸುವುದಕ್ಕೆ ಯಾರಿಗೂ ಕಾರಣವಿರುವುದಿಲ್ಲ. ಇದನ್ನು ಇಬ್ಬರೂ ಬಲ್ಲರು, ಇಬ್ಬರೂ ಹೇಳಲಿಲ್ಲ. ಒಂದು ವಾರ ಗಾಳಿ ಜಾಸ್ತಿ ಎಂದರು. ಒಂದು ವಾರ ರುದ್ರೇಶನಿಗೆ ತಲೆನೋವು ಬಂತು. ಇನ್ನೊಂದು ವಾರ ದಾಳ ಮಾಳಿಗೆಯಿಂದ ಕೆಳಗೆ ಉರುಳಿಹೋಯಿತು. ಅದನ್ನು ಉರುಳಿಸಿದ್ದು ಹರಿತಾಳ ಕಾಲಿನ ಹೆಬ್ಬೆರಳು. ರುದ್ರೇಶ್ ನೋಡಿದ, ನೋಡದವನಂತೆ ಬೀದಿಯಲ್ಲಿ ಸಂಜೆಯವರೆಗೂ ಹುಡುಕಿದ.

ಪೆದ್ದಕ್ಕ ಮೊರ ಪಕ್ಕಕ್ಕಿಟ್ಟಳು.

“ಆ ಎರಡು ಹಡಗು ಒಂದರ ಮುಖ ಒಂದು ನೋಡ್ಕಂಡು ನಿಂತೇ ಅವೆ. ಇದೇನು ಯುದ್ಧನೋ, ಹೆಣ್ಣು ನೋಡೋ ಶಾಸ್ತ್ರನೋ?”

ಹರಿತಾ ಟಾರ್ಪಾಲಿನ ಸುಕ್ಕು ಸರಿಮಾಡತೊಡಗಿದಳು. ಸುಕ್ಕೇ ಇಲ್ಲದ ಕಡೆ.

“ಬೀದಿಯೋರು ಕೇಳ್ತಾರೆ ಕಣಪ್ಪ, ಆ ಹಿಂದೂಪುರದ ಹುಡುಗ ಯಾಕ್ ಬತ್ತಾನೆ ಅಂತ. ಹಡಗಿನ ಯುದ್ಧ ಮಾಡಕ್ಕೆ ಅಂದ್ರೆ ನನ್ನೇ ನೋಡಿ ನಗ್ತಾರೆ. ಬರೋ ಆದಿವಾರಕ್ಕೆ ಮುಗಿಸ್ಬುಡಿ.”

ಆ ಶುಕ್ರವಾರ, ರುದ್ರೇಶ್ ಒಂದು ಟ್ರ್ಯಾಕ್ಟರಿನ ರೇಡಿಯೇಟರನ್ನು ತೊಟ್ಟಿಯಲ್ಲಿ ಮುಳುಗಿಸಿ ಹಿಡಿದಿದ್ದಾಗ, ಜೇಬಿನಲ್ಲಿ ಫೋನು ನಡುಗಿತು. ಹರಿತಾಳ ವಾಟ್ಸಾಪ್.

‘ಈ ಆದಿವಾರಂ ಓಡಿಪೋದಾಂ.’

ತೆಲುಗಿನಲ್ಲಿ ಅದಕ್ಕೆ ‘ಸೋತುಬಿಡೋಣ’ ಎಂದರ್ಥ. ಅದರಲ್ಲಿ ಅನುಮಾನವಿಲ್ಲ. ಆದರೆ ಈ ಸೀಮೆಯಲ್ಲಿ ಯಾರ ನಾಲಿಗೆಯೂ ಒಂದೇ ಭಾಷೆಯಲ್ಲಿ ಕೂತಿರುವುದಿಲ್ಲ. ಮಾತು ಕನ್ನಡದಲ್ಲಿ ಹತ್ತಿ ತೆಲುಗಿನಲ್ಲಿ ಇಳಿಯುತ್ತದೆ. ರುದ್ರೇಶನ ಸ್ವಂತ ಚಿಕ್ಕಮ್ಮ, ಬಸ್ಸು ಹೊರಡುವುದು ಕಂಡರೆ ‘ನಡಿ, ಓಡಿಪೋದಾಂ’ ಎಂದು ಸೀರೆ ಎತ್ತಿ ಓಡುತ್ತಿದ್ದಳು. ಅವಳ ‘ಓಡಿ’ ಕನ್ನಡದ್ದು, ‘ಪೋದಾಂ’ ತೆಲುಗಿನದು. ಎರಡೂ ಸೇರಿದರೆ, ಓಡಿಹೋಗೋಣ.

ಹರಿತಾಳ ಮನೆಮಾತೂ ಕನ್ನಡವೇ.

ಸೋತುಬಿಡೋಣ ಎಂದು ಓದಿದ. ಎದೆ ತಣ್ಣಗಾಯಿತು, ಬೇಗ ಮುಗಿಸಿ ಕೈತೊಳೆದುಕೊಳ್ಳೋಣ ಎನ್ನುತ್ತಿದ್ದಾಳೆ. ಓಡಿಹೋಗೋಣ ಎಂದು ಓದಿದ. ಕಿವಿ ಬಿಸಿಯಾಯಿತು. ರೇಡಿಯೇಟರಿನಿಂದ ಗುಳುಗುಳು ಗುಳ್ಳೆ ಏಳುತ್ತಲೇ ಇದ್ದವು, ತೂತು ಎಲ್ಲಿದೆ ಎಂದು ನೋಡುವುದೇ ಅವನಿಗೆ ಮರೆತುಹೋಯಿತು. ಅವಳನ್ನೇ ಕೇಳುವ ಹಾಗಿರಲಿಲ್ಲ. ಯಾವ ಭಾಷೆ ಎಂದು ಕೇಳಿದರೆ ಮನಸ್ಸಿನಲ್ಲಿರುವುದನ್ನೆಲ್ಲ ಹೇಳಿಬಿಟ್ಟ ಹಾಗೆ. ‘ಸರಿ’ ಎಂದಷ್ಟೇ ಬರೆದು ಕಳಿಸಿದ.

ಮದ್ರಾಸಿನಿಂದ ವಾಪಸು ಬಂದಿದ್ದ ಬೋರಪ್ಪನನ್ನು ಕೇಳಿದ.

“ಬೋರಣ್ಣ, ‘ಓಡಿಪೋದಾಂ’ ಅಂದ್ರೆ ನೀನು ಏನಂತ ತಿಳ್ಕಂತೀಯ?”

“ಅಂದಿದ್ದು ಯಾರು?”

“ಒಬ್ರು.”

“ಗಂಡಸೋ ಹೆಂಗಸೋ?”

“ಹೆಂಗಸು.”

ಬೋರಪ್ಪ ಬೀಡಿಯ ಬೂದಿ ಕೊಡವಿದ. “ಹಂಗಾರೆ ಬ್ಯಾಗಿಗೆ ಬಟ್ಟೆ ತುಂಬ್ಕ.”

ರುದ್ರೇಶ್ ತುಂಬಿಕೊಂಡ. ಇಸ್ತ್ರಿ ಮಾಡಿದ ಅಂಗಿ, ಲುಂಗಿ, ಟವೆಲ್, ಹೊಸ ಟೂತ್‌ಬ್ರಷ್. ಅವುಗಳ ನಡುವೆ, ಎಂಜಿನ್ ಒರೆಸುವ ಹತ್ತಿನೂಲಿನಲ್ಲಿ ಒಂದೊಂದಾಗಿ ಸುತ್ತಿ, ಸ್ಟೀಲ್ ಡಬ್ಬಿಯಲ್ಲಿ ಕಪ್ಪು ಪಡೆಯನ್ನೂ ಇಟ್ಟುಕೊಂಡ. ಓಡಿಹೋಗುವವರು ಎಲ್ಲಿಗೆ ಹೋಗುತ್ತಾರೆ? ಅವನಿಗೆ ಹೊಳೆದದ್ದು ಸಮುದ್ರ ಒಂದೇ. ಅದರಾಚೆಗೆ ಓಡುವುದಕ್ಕೆ ನೆಲವಿಲ್ಲವಲ್ಲ, ಅಲ್ಲಿ ನಿಲ್ಲಬಹುದು.

ಕಂಬದೂರು ದಾಟಿದ ಮೇಲೆ ಬಸ್ಸು ಖಾಲಿಯಾಯಿತು. ಕಿಟಕಿಯಾಚೆ ಕೆಂಪು ನೆಲ, ಅದರ ಮೇಲೆ ಮಂಡಿಯೂರಿದ ಕಡಲೆಕಾಯಿ ಗಿಡದ ಹಸಿರು, ಇಷ್ಟಗಲದ ಆಕಾಶ. ದೂರದ ದಿಬ್ಬದ ಮೇಲೆ ಗಾಳಿಯಂತ್ರಗಳು ಒಂದಾದ ಮೇಲೊಂದು ತಿರುಗುತ್ತಿದ್ದವು. ಬಸ್ಸು ಹಳ್ಳಕ್ಕಿಳಿದು ಹತ್ತಿದಾಗಲೆಲ್ಲ ಅವೂ ಮುಳುಗಿ ಏಳುತ್ತಿದ್ದವು, ಲಂಗರು ಎತ್ತಲು ಕಾದುನಿಂತ ಬಿಳಿ ಹಾಯಿಕಂಬಗಳ ಹಾಗೆ. ಆ ಹುಚ್ಚು ಬೆಳಕಿನಲ್ಲಿ ರುದ್ರೇಶನಿಗೆ ಯಾವ ಭಯವೂ ಆಗಲಿಲ್ಲ. ಅವಳು ಕಿಟಕಿಯ ಪಕ್ಕ ಕೂರುತ್ತಾಳೆ, ತಾನು ಈ ಕಡೆ, ಎಂದುಕೊಂಡು ಸೀಟಿನಲ್ಲಿ ಸ್ವಲ್ಪ ಸರಿದು ಜಾಗ ಬಿಟ್ಟ.

ಮಾಳಿಗೆಯ ಮೇಲೆ ಸಮುದ್ರ ಹಾಸಿತ್ತು. ಬೂದಿ ಹಡಗು ತನ್ನ ಜಾಗದಲ್ಲಿ ನಿಂತಿತ್ತು. ಹರಿತಾ ತಿಳಿನೀಲಿ ಚೂಡಿದಾರ ತೊಟ್ಟು, ಹೊಸ ದಾಳವನ್ನು ಲೋಟದಲ್ಲಿ ಕುಲುಕುತ್ತಿದ್ದಳು. ಊರು ಬಿಡುವವಳ ಹಾಗೆ ಕಾಣಲಿಲ್ಲ.

“ಇಷ್ಟು ದೊಡ್ಡ ಬ್ಯಾಗ್ ಯಾಕ್ರೀ? ಹೊಸ ಹಡಗು ಸಿಕ್ತಾ?” ಎಂದವಳೇ, ಅವನು ಬೇಡವೆನ್ನುವುದರೊಳಗೆ ಜಿಪ್ ಎಳೆದಳು.

ಮೊದಲು ಟವೆಲ್ ಬಂತು. ಆಮೇಲೆ ಲುಂಗಿ. ಟೂತ್‌ಬ್ರಷ್ಷನ್ನು ಅವಳು ಬೆಳಕಿಗೆ ಹಿಡಿದು, ಲೆನ್ಸ್ ನೋಡುವಂತೆ ನೋಡಿದಳು.

“ಯಾವೂರಿಗೆ?”

ರುದ್ರೇಶ್ ಪೆದ್ದಕ್ಕನ ಕಡೆ ನೋಡಿದ. ಅವಳು ಕಾಯಿ ಬಿಡಿಸುವುದನ್ನು ನಿಲ್ಲಿಸಿದ್ದಳು. ಇನ್ನು ಅಡಗಿಸುವುದಕ್ಕೆ ಏನೂ ಉಳಿದಿರಲಿಲ್ಲ.

“ಓಡಿಪೋದಾಂ ಅಂತ ಕಳ್ಸಿದ್ರಲ್ಲ,” ಎಂದ ಮೆಲ್ಲಗೆ. “ಯಾವ ಭಾಷೇಲಿ ಹೇಳಿದ್ದು?”

ಹರಿತಾಳಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಅರ್ಥವಾದದ್ದು ಮೊದಲು ಕುತ್ತಿಗೆಯಲ್ಲಿ ಕಂಡಿತು, ಆಮೇಲೆ ಕೆನ್ನೆಗೇರಿತು. ಕನ್ನಡಕ ತೆಗೆದು, ಚುನ್ನಿಯಿಂದ ಒರೆಸಿ, ಮತ್ತೆ ಹಾಕಿಕೊಂಡಳು. ಉತ್ತರಕ್ಕೆ ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಂಡಳು.

“ತೆಲುಗಲ್ಲಿ.”

“ಓಹ್.”

“ಇಬ್ರೂ ಸೋತೋಗಣ ಅಂತ. ಎರಡು ಹಡಗೂ ಒಂದೇ ಸಲ ಮುಳುಗಿದ್ರೆ ಯಾರೂ ಗೆದ್ದಂಗಲ್ಲ. ಮತ್ತೆ ಮೊದಲಿಂದ ಶುರು ಮಾಡ್ಬೋದು.” ಅವಳ ತುಟಿಯ ಅಂಚು ನಡುಗುತ್ತಿತ್ತು, ಅದು ನಗುವೋ ಇನ್ನೇನೋ ಅವನಿಗೆ ಕಾಣಲಿಲ್ಲ. “ಓಡೋಗೋಕೆ ಯಾರಾದ್ರೂ ಯುದ್ಧದ ಹಡಗು ಕಟ್ಕಂಡು ಬತ್ತಾರಾ?”

“ಅವನ್ನ ಬಿಟ್ಟು ಹೆಂಗ್ ಬರ್ಲಿ?”

ಪೆದ್ದಕ್ಕ ಮೊರ ಕೆಳಗಿಟ್ಟಳು. “ಅಲ್ಲ ಕಣಪ್ಪ, ಕೇಳಿ, ಕೊಡಲ್ಲ ಅಂದ್ಮೇಲೆ ಅಲ್ವಾ ಓಡೋಗೋದು? ನೀನು ಯಾರನ್ನ ಕೇಳಿದ್ದೆ?”

ಟಾರ್ಪಾಲು ಒಮ್ಮೆ ಉಬ್ಬಿ ಇಳಿಯಿತು. ಪೆದ್ದಕ್ಕ ಮಂಡಿ ಹಿಡಿದು ಎದ್ದು, “ಟೀ ಇಡ್ತೀನಿ” ಎಂದು ಮೆಟ್ಟಿಲಿಳಿದು ಹೋದಳು. ಕೆಳಗೆ ಪಾತ್ರೆಯ ಸದ್ದು ಬೇಕಂತಲೇ ಜೋರಾಗಿ ಕೇಳಿಸಿತು.

ರುದ್ರೇಶನಿಗೆ ಅಂಗೈಯಲ್ಲಿ ಮುಖ ಮುಚ್ಚಿಕೊಳ್ಳುವಷ್ಟು ನಾಚಿಕೆಯಾಗಿತ್ತು. ಡಬ್ಬಿ ತೆರೆದು, ನೂಲು ಬಿಡಿಸಿ, ಕಪ್ಪು ಹಡಗನ್ನು ಅದರ ಜಾಗದಲ್ಲಿಟ್ಟ.

“ಹಾಕಿ ದಾಳ. ಮುಗಿಸ್ಬುಡೋಣ.”

“ಇಬ್ರದೂ ತಾಗ್ಬೇಕು,” ಎಂದಳು ಹರಿತಾ.

“ತಾಗ್ಲಿ.”

ಅವಳು ಲೋಟ ಬೋರಲು ಹಾಕಿ ಎತ್ತಿದಳು. ಆರು. ಬೂದಿ ಹಡಗಿನ ಗುಂಡು ತಾಗಿತು. ಲೋಟ ಅವನ ಕೈಗೆ ಬಂತು, ಇನ್ನೂ ಅವಳ ಕೈಯ ಬಿಸಿ ಇತ್ತು. ಅವನು ಕುಲುಕಿದ. ಉರುಳಿಸಿದ. ದಾಳ ನೀಲಿಯ ಮೇಲೆ ಸಾವಕಾಶವಾಗಿ ಹೊರಳಿ, ಒಂದು ಸುಕ್ಕಿಗೆ ಒರಗಿ, ಆರು ತೋರಿಸುವಂತೆ ಮಾಡಿ, ಮಗುಚಿತು.

ಒಂದು.

ಇಬ್ಬರೂ ಅದನ್ನೇ ನೋಡುತ್ತ ಕೂತರು. ಸೋಲಬೇಕೆಂದಿದ್ದವಳು ಗೆದ್ದಿದ್ದಳು. ರುದ್ರೇಶ್ ಕೈ ಚಾಚಿ, ಕಪ್ಪು ಹಡಗನ್ನು ಮೆಲ್ಲಗೆ ಮಗ್ಗುಲಾಗಿ ಮಲಗಿಸಿದ. ಆಮೇಲೆ ಅದನ್ನೆತ್ತಿ, ನೂಲಿನಲ್ಲಿ ಸುತ್ತಿ, ಉಳಿದವುಗಳ ಜೊತೆ ಡಬ್ಬಿಯಲ್ಲಿಟ್ಟು, ಮುಚ್ಚಳ ಒತ್ತಿ, ಎರಡೂ ಕೈಯಲ್ಲಿ ಅವಳ ಮುಂದೆ ಹಿಡಿದ. ಅಳುವುದಿಲ್ಲವೆಂದು ಮಾತು ಕೊಟ್ಟಿದ್ದನಲ್ಲ, ಅದಕ್ಕೇ ಅವಳ ಮುಖ ನೋಡಲಿಲ್ಲ.

“ತಗಳ್ಳಿ. ಇಷ್ಟೂ ನಿಮ್ದೇ.”

“ಬೇಡ,” ಎಂದಳು ಹರಿತಾ.

“ಗೆದ್ದೋರಿಗೆ ಎರಡೂ ಅಂತ ಮಾತಾಗಿತ್ತು.”

“ಆಗಿತ್ತು. ಬೇಡ.”

“ಮತ್ತೆ ಅಷ್ಟು ಊರು ಅಲೆದು ಹುಡುಕಿದ್ದು ಯಾಕೆ?”

“ಆವಾಗ ಹಡಗು ಬೇಕಾಗಿತ್ತು.”

ಅವನು ತಲೆಯೆತ್ತಿದ. ಅವಳು ನೋಡುತ್ತಿದ್ದಳು, ಈ ಸಲ ಒಂದೊಂದು ಕಣ್ಣನ್ನಲ್ಲ, ಇಡೀ ಅವನನ್ನು. ಅವನು ಡಬ್ಬಿಯನ್ನು ಇನ್ನಷ್ಟು ಮುಂದಕ್ಕೆ ನೀಡಿದ. ಅವಳು ಅದನ್ನು ಅವನ ಎದೆಯ ಕಡೆಗೇ ವಾಪಸು ತಳ್ಳಿದಳು.

“ಇವು ಈ ಮನೇಲಿದ್ರೆ ನೀನ್ಯಾಕ್ ಇಷ್ಟು ದೂರ ಬತ್ತೀಯ? ನಂಗ್ ಬೇಡ ಕಣೋ. ನಾ ತಗಳಲ್ಲ.”